ಹಳೆಯ ಮರದ ಸಾಮಾನಿಗೆ ಮನೆಯಲ್ಲೇ ಪಾಲಿಶ್: ಯಾವುದು ಮೊದಲು, ಯಾವುದು ಆಮೇಲೆ

ಹಳೆಯ ತೇಗದ ಕುರ್ಚಿಗೆ ಪಾಲಿಶ್ ಮಾಡಲು ಹೊರಟವರು ಮೊದಲು ಕೊಳ್ಳುವುದು ಉಪ್ಪುಕಾಗದ, ಆಮೇಲೆ ಒಂದು ಡಬ್ಬಿ ವಾರ್ನಿಷ್. ಉಜ್ಜುತ್ತಾರೆ, ಬಳಿಯುತ್ತಾರೆ. ಮೂರು ದಿನ ಕಳೆದರೂ ಕೈಗೆ ಅಂಟುತ್ತಿರುತ್ತದೆ, ಅಲ್ಲಲ್ಲಿ ಕಪ್ಪು ಕಲೆ ಎದ್ದಿರುತ್ತದೆ, ಮೇಲೆ ಬಿಳಿ ಮಬ್ಬು ಕೂತಿರುತ್ತದೆ. ಬೈಗುಳ ವಾರ್ನಿಷ್ ಡಬ್ಬಿಗೆ ಬೀಳುತ್ತದೆ. ತಪ್ಪು ನಡೆದಿರುವುದು ಅದಕ್ಕಿಂತ ನಾಲ್ಕೈದು ಹಂತ ಮೊದಲೇ: ಮೇಲಿನ ಜಿಡ್ಡು ತೆಗೆಯದೆ ಉಜ್ಜಿದ್ದು, ಹಳೆಯ ಪಾಲಿಶ್ ಯಾವುದೆಂದು ನೋಡದೆ ಹೊಸದನ್ನು ಹಚ್ಚಿದ್ದು, ಒಣಗಲು ಬಿಡದೆ ಮುಂದಿನ ಕೋಟ್ ಎಳೆದಿದ್ದು.

ಇಲ್ಲಿ ಹೇಳಿರುವುದು ತೇಗ, ಬೀಟೆ, ಹಲಸು, ಹೊನ್ನೆಯಂಥ ಗಟ್ಟಿ ಮರದ ಕುರ್ಚಿ, ಟೀಪಾಯಿ, ಸಣ್ಣ ಮೇಜಿನ ಕೆಲಸ. ಕೊನೆಯ ಪಾಲಿಶ್‌ಗೆ ಅರಗು, ಅಂದರೆ ಅಂಗಡಿಯವರು ಶೆಲ್ಯಾಕ್ ಅಥವಾ ಫ್ರೆಂಚ್ ಪಾಲಿಶ್ ಎನ್ನುವುದನ್ನು ಆರಿಸಿಕೊಂಡಿದೆ. ಇದಕ್ಕೆ ಸ್ಪ್ರೇ ಗನ್ ಬೇಡ, ಬಟ್ಟೆಯಲ್ಲೇ ಹಚ್ಚಬಹುದು. ಕೆಟ್ಟರೆ ಸ್ಪಿರಿಟ್‌ನಲ್ಲಿ (ಪಾಲಿಶ್‌ಗೆ ಬಳಸುವ ಆಲ್ಕೊಹಾಲ್) ಒರೆಸಿ ಮತ್ತೆ ಶುರು ಮಾಡಬಹುದು. ಮೊದಲ ಸಲ ಮಾಡುವವರಿಗೆ ಇಷ್ಟು ಕ್ಷಮಿಸುವ ಪಾಲಿಶ್ ಇನ್ನೊಂದಿಲ್ಲ.

## ಕೈ ಹಾಕಬಾರದ ಸಾಮಾನು

ಬೀಟೆ ಮರದಲ್ಲಿ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ ಮಾಡಿದ ಮೈಸೂರು ಇನ್ಲೇ ಕೆಲಸವಿದ್ದರೆ ಉಜ್ಜಬೇಡಿ, ರಿಮೂವರ್ (ಹಳೆಯ ಪೇಂಟ್, ಪಾಲಿಶ್ ಮೆತ್ತಗಾಗಿಸಿ ಎಬ್ಬಿಸುವ ರಾಸಾಯನಿಕ) ಹಚ್ಚಬೇಡಿ. ಕೂರಿಸಿದ ಚೂರುಗಳು ತೆಳ್ಳಗಿರುತ್ತವೆ. ಜೊತೆಗೆ ಬೀಟೆಯ ಬಣ್ಣ ಸ್ಪಿರಿಟ್‌ನಲ್ಲಿ ಕರಗಿ ಪಕ್ಕದ ಬಿಳಿ ಮರಕ್ಕೆ ಇಳಿಯುತ್ತದೆ. ಒಮ್ಮೆ ಇಳಿದರೆ ವಾಪಸ್ ತೆಗೆಯಲಾಗದು.

ಚನ್ನಪಟ್ಟಣದ ಶೈಲಿಯಲ್ಲಿ ಕಡೆದು ಬಣ್ಣದ ಅರಗು ಹಚ್ಚಿದ ತೊಟ್ಟಿಲ ಕಾಲು, ಕುರ್ಚಿ ಕಾಲುಗಳ ಮೇಲೆ ಸ್ಪಿರಿಟ್ ಬಿದ್ದರೆ ಬಣ್ಣವೇ ಎದ್ದುಬರುತ್ತದೆ. ಅವನ್ನು ಒಣ ಬಟ್ಟೆಯಲ್ಲಿ ಒರೆಸಿ ಬಿಡಿ, ಅಷ್ಟೇ.

ಪ್ಲೈವುಡ್ ಮೇಲೆ ತೇಗದ ತೆಳು ಹಾಳೆ ಅಂಟಿಸಿದ್ದು ಗಟ್ಟಿ ತೇಗದಂತೆಯೇ ಕಾಣುತ್ತದೆ. ಹಲಗೆಯ ಅಂಚು ನೋಡಿ. ಮೇಲಿನ ಎಳೆಗಳು ಅಂಚಿನಲ್ಲೂ ಕೆಳಮುಖದಲ್ಲೂ ಮುಂದುವರಿದಿದ್ದರೆ ಗಟ್ಟಿ ಮರ. ಅಂಚಿಗೆ ಬೇರೆ ಪಟ್ಟಿ ಹೊಡೆದಿದ್ದರೆ, ಕೆಳಗೆ ಬೇರೆಯೇ ಮರ ಕಂಡರೆ ಹಾಳೆ. ಹಾಳೆ ಅರ್ಧ ಮಿಲಿಮೀಟರ್ ಇದ್ದರೆ ಹೆಚ್ಚು. ಅದಕ್ಕೆ 180 ನಂಬರ್‌ಗಿಂತ ಒರಟು ಉಪ್ಪುಕಾಗದ ಬೇಡ (ನಂಬರ್ ಚಿಕ್ಕದಾದಷ್ಟೂ ಕಾಗದ ಒರಟು), ಯಂತ್ರವಂತೂ ಬೇಡವೇ ಬೇಡ.

ಬಣ್ಣ ಬಳಿದ ಹಳೆಯ ಸಾಮಾನಿನಲ್ಲಿ ಇನ್ನೊಂದು ಎಚ್ಚರ ಬೇಕು. ಮನೆಬಳಕೆಯ ಪೇಂಟ್‌ನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಪೇಂಟ್‌ನಲ್ಲಿ ಸೀಸ ಇದೆಯೆಂದೇ ತಿಳಿದು ನಡೆಯಿರಿ. ಒಣಗಿದ್ದನ್ನು ಉಜ್ಜಿ ಪುಡಿ ಎಬ್ಬಿಸಬೇಡಿ, ಹೀಟ್ ಗನ್ ಹಿಡಿಯಬೇಡಿ. ರಿಮೂವರ್ ಹಚ್ಚಿ ಒದ್ದೆಯಾಗಿಯೇ ಕೆರೆಯಿರಿ. ಮಕ್ಕಳು, ಬಸುರಿಯರು ಆ ಜಾಗದಿಂದ ದೂರವಿರಲಿ.

## ಬೇಕಾಗುವ ಸಾಮಾನು

ಒಂದು ಕುರ್ಚಿ ಅಥವಾ ಟೀಪಾಯಿಗೆ ಈ ಲೆಕ್ಕ ಸಾಕು:

- ಉಪ್ಪುಕಾಗದ: 80 ನಂಬರ್ 2 ಹಾಳೆ, 120, 180, 220 ತಲಾ 3 ಹಾಳೆ, 320 ಮತ್ತು 400 ತಲಾ 2 ಹಾಳೆ
- ಅಂಗೈಯಗಲದ ಕಾರ್ಕ್ ಅಥವಾ ಮರದ ತುಂಡು, ಕಾಗದ ಸುತ್ತಿಕೊಳ್ಳಲು
- ಪೇಂಟ್ ರಿಮೂವರ್ ಅರ್ಧ ಲೀಟರ್ (ಬೇಕೋ ಬೇಡವೋ ಎಂದು 1ನೇ ಹಂತದಲ್ಲಿ ಗೊತ್ತಾಗುತ್ತದೆ, ಆಮೇಲೆ ಕೊಳ್ಳಿ)
- ಪಾಲಿಶ್ ಸ್ಪಿರಿಟ್ ಒಂದೂವರೆ ಲೀಟರ್, ಮಿನರಲ್ ಟರ್ಪಂಟೈನ್ ಅರ್ಧ ಲೀಟರ್, ಎನ್‌ಸಿ ಥಿನ್ನರ್ (ನೈಟ್ರೊಸೆಲ್ಯುಲೋಸ್ ಲ್ಯಾಕರ್ ತೆಳುಮಾಡುವ ದ್ರವ) ಕಾಲು ಲೀಟರ್
- ಅರಗಿನ ಚಕ್ಕೆ 250 ಗ್ರಾಂ
- ಪುಟ್ಟಿ ಬ್ಲೇಡ್, ಹಳೆಯ ಹಲ್ಲುಜ್ಜುವ ಬ್ರಷ್, ಎರಡಿಂಚಿನ ಮೆತ್ತನೆಯ ಬ್ರಷ್
- ಹಳೆಯ ಬಿಳಿ ಹತ್ತಿ ಪಂಚೆ, ಹತ್ತಿ, ದಪ್ಪ ರಬ್ಬರ್ ಕೈಗವಸು, ಕನ್ನಡಕ, ಮಾಸ್ಕ್

ಸ್ಪಿರಿಟ್ ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವುದಿಲ್ಲ. ಸಿಗದಿದ್ದರೆ 99% ಐಸೊಪ್ರೊಪೈಲ್ ಆಲ್ಕೊಹಾಲ್ ನಡೆಯುತ್ತದೆ, ಅರಗು ಕರಗಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ. ಸ್ಯಾನಿಟೈಸರ್ ಮಾತ್ರ ಬೇಡ. ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ. ನೀರು ಪಾಲಿಶನ್ನು ಬಿಳಿಚಿಸುತ್ತದೆ, ಗ್ಲಿಸರಿನ್ ಒಣಗಲು ಬಿಡುವುದಿಲ್ಲ.

ಕೆಲಸದ ಜಾಗ ಗಾಳಿಯಾಡುವ ಜಗುಲಿ ಅಥವಾ ಬಾಲ್ಕನಿ ಆಗಿರಲಿ. ಸ್ಪಿರಿಟ್, ಥಿನ್ನರ್‌ಗಳ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೇ ಹರಿದು ಪಕ್ಕದ ಕೋಣೆಯ ದೇವರ ದೀಪದವರೆಗೂ ಹೋಗಬಲ್ಲದು. ದೀಪ, ಅಗರಬತ್ತಿ, ಗ್ಯಾಸ್ ಒಲೆ ಎಲ್ಲ ಆರಿರಬೇಕು.

## ಹಂತ 1: ಹಳೆಯ ಪಾಲಿಶ್ ಯಾವುದು?

ಕುರ್ಚಿಯ ಕೆಳಭಾಗದಲ್ಲೋ ಹಿಂಗಾಲಿನ ಒಳಬದಿಯಲ್ಲೋ ಒಂದು ಕಡೆ ಈ ಪರೀಕ್ಷೆ ಮಾಡಿ. ಅನುಕ್ರಮ ತಪ್ಪಿಸಬೇಡಿ.

ಮೊದಲು ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಮೇಲ್ಮೈ ಅಂಟಂಟಾಗಿ ಹತ್ತಿಗೆ ಕಂದು ಹತ್ತಿದರೆ ಅದು ಅರಗು. ಏನೂ ಆಗದಿದ್ದರೆ ಎನ್‌ಸಿ ಥಿನ್ನರ್‌ನಲ್ಲಿ ಹಾಗೆಯೇ ಮಾಡಿ. ಈಗ ಮೆತ್ತಗಾದರೆ ಎನ್‌ಸಿ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್, ಪಿಯು (ಪಾಲಿಯುರೆಥೇನ್) ಎಂಬ ಗಟ್ಟಿ ಪಾಲಿಶ್‌ಗಳು ಅಥವಾ ಹಳೆಯ ಎಣ್ಣೆ ವಾರ್ನಿಷ್. ಥಿನ್ನರ್ ಮೊದಲು ಹಾಕಿದರೆ ಅರಗೂ ಮೆತ್ತಗಾಗಬಹುದು, ಆಗ ಯಾವುದೆಂದು ತಿಳಿಯದು. ಒಂದು ಹನಿ ನೀರು ಬಿಟ್ಟಾಗ ಅದು ನಿಲ್ಲದೆ ಮರದೊಳಕ್ಕೆ ಇಳಿದರೆ ಮೇಲೆ ಪಾಲಿಶ್ ಪೂರ್ತಿ ಸವೆದಿದೆ.

ಅರಗು ಎಂದು ಗೊತ್ತಾದರೆ ನಿಮ್ಮ ಕೆಲಸ ಅರ್ಧವಾಯಿತು. ರಿಮೂವರ್ ಕೊಳ್ಳುವುದೇ ಬೇಡ.

## ಹಂತ 2: ಜಿಡ್ಡು ತೆಗೆಯುವುದು

ಎಲ್ಲರೂ ಹಾರಿಸುವ ಹಂತ ಇದು. ಹಿಡಿಕೆ, ಬಿಜಾಗರಿ, ಮೊಳೆಗಳನ್ನೆಲ್ಲ ಮೊದಲು ಬಿಚ್ಚಿ, ಫೋಟೊ ತೆಗೆದು, ಒಂದೊಂದು ಜಾಗದ್ದನ್ನು ಒಂದೊಂದು ಪೊಟ್ಟಣದಲ್ಲಿಡಿ. ತುಕ್ಕು ಹಿಡಿದ ಸ್ಕ್ರೂ ತಿರುಗದಿದ್ದರೆ ಅದರ ತಲೆಗೆ ಬಿಸಿ ಸೋಲ್ಡರಿಂಗ್ ಕಡ್ಡಿ ಒಂದು ನಿಮಿಷ ಹಿಡಿದು, ಆರಿದ ಮೇಲೆ ತಿರುಗಿಸಿ. ಹಿತ್ತಾಳೆ ಹಿಡಿಕೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕುವುದಿದ್ದರೆ ಬಚ್ಚಲಲ್ಲಿ ತಿಕ್ಕಿ. ಮರದ ಮೇಲಿದ್ದಾಗಲೇ ತಿಕ್ಕಿದರೆ ಹುಳಿ ನೀರು ಮರಕ್ಕೆ ಇಳಿದು ಕಲೆ ಬೀಳುತ್ತದೆ.

ಆಮೇಲೆ ಒಂದು ಲೀಟರ್ ಉಗುರುಬೆಚ್ಚನೆಯ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ದ್ರವ ಹಾಕಿ, ಬಟ್ಟೆಯನ್ನು ಅದ್ದಿ ಗಟ್ಟಿಯಾಗಿ ಹಿಂಡಿ ಒರೆಸಿ. ಹಿಂದೆಯೇ ಒಣ ಬಟ್ಟೆ ಬರಬೇಕು. ಮರದ ಮೇಲೆ ನೀರು ನಿಲ್ಲಬಾರದು. ಒಣಗಿದ ಮೇಲೆ ಟರ್ಪಂಟೈನ್‌ನಲ್ಲಿ ಇನ್ನೊಮ್ಮೆ ಒರೆಸಿ. ಸಾಬೂನಿಗೆ ಹೋಗದ ಮೇಣ ಮತ್ತು ಎಣ್ಣೆ ಇದಕ್ಕೆ ಹೋಗುತ್ತವೆ. ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೂ ಬಟ್ಟೆ ಬದಲಿಸುತ್ತಿರಿ. ಸೀಮೆಎಣ್ಣೆ ಬಳಸಬೇಡಿ, ಅದರದ್ದೇ ಜಿಡ್ಡು ಉಳಿಯುತ್ತದೆ.

ಈ ಹಂತಕ್ಕೆ ಇಷ್ಟು ಒತ್ತು ಯಾಕೆಂದರೆ, ಜಿಡ್ಡಿನ ಮೇಲೆ ಉಪ್ಪುಕಾಗದ ಆಡಿಸಿದರೆ ಜಿಡ್ಡು ಹೋಗುವುದಿಲ್ಲ, ಬಿಸಿಯಾಗಿ ಮರದ ರಂಧ್ರಕ್ಕೆ ಇಳಿಯುತ್ತದೆ. ಹಬ್ಬಕ್ಕೊಮ್ಮೆ ಹೊಳಪು ಬರಲೆಂದು ಕೊಬ್ಬರಿ ಎಣ್ಣೆ ಸವರಿದ ಕುರ್ಚಿ, ಸಿಲಿಕೋನ್ ಇರುವ ಸ್ಪ್ರೇ ಹೊಡೆದ ಮೇಜು ಎರಡರಲ್ಲೂ ಹೊಸ ಪಾಲಿಶ್ ಮೀನಿನ ಕಣ್ಣಿನಂಥ ಗುಂಡು ಗುಂಡು ಕುಳಿ ಬಿಡುವುದು ಇದರಿಂದಲೇ.

ಈಗ ನಿಂತು ನೋಡಿ. ಪಾಲಿಶ್ ಗಟ್ಟಿಯಾಗಿದ್ದು ಬರೀ ಮಂಕಾಗಿದ್ದರೆ, ಸಣ್ಣ ಗೀರುಗಳಷ್ಟೇ ಇದ್ದರೆ, ಕೆರೆಯುವ ಅಗತ್ಯವಿಲ್ಲ. ಅರಗಿನ ಪಾಲಿಶ್ ಆಗಿದ್ದರೆ 320 ಕಾಗದವನ್ನು ಹಗುರವಾಗಿ ಆಡಿಸಿ, ಪುಡಿ ಒರೆಸಿ, ನೇರ 8ನೇ ಹಂತಕ್ಕೆ ಹೋಗಿ. ಹೊಸ ಅರಗು ಹಳೆಯದನ್ನು ಕರಗಿಸಿಕೊಂಡು ಒಂದಾಗುತ್ತದೆ. ಜೋಡಣೆ ಅಲುಗುತ್ತಿದ್ದರೆ ಮಾತ್ರ 3ನೇ ಹಂತ ಮುಗಿಸಿಕೊಂಡು ಹೋಗಿ. ಚೆನ್ನಾಗಿರುವ ಹಳೆಯ ಪಾಲಿಶನ್ನು ಉತ್ಸಾಹಕ್ಕೆ ಕೆರೆದು ಹಾಕಿದವರೇ ಹೆಚ್ಚು.

## ಹಂತ 3: ಹುಳು ಮತ್ತು ಅಲುಗಾಡುವ ಜೋಡಣೆ

ಕುಟ್ಟೆ ಹುಳುವಿನ ರಂಧ್ರ ಕಂಡ ಮಾತ್ರಕ್ಕೆ ಹುಳು ಇದೆ ಎಂದಲ್ಲ. ಕುರ್ಚಿಯ ಕೆಳಗೆ ಕಪ್ಪು ಕಾಗದ ಹಾಸಿ ಒಂದು ವಾರ ಬಿಡಿ. ತಿಳಿಹಳದಿಯ ಹೊಸ ಪುಡಿ ಬಿದ್ದರೆ ಹುಳು ಜೀವಂತವಾಗಿದೆ. ಆಗ ಮರಕ್ಕೆಂದೇ ಮಾರುವ ಕೀಟನಾಶಕ ದ್ರಾವಣವನ್ನು ಸಿರಿಂಜ್‌ನಿಂದ ಒಂದೊಂದು ರಂಧ್ರಕ್ಕೂ ಬಿಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಎರಡು ಮೂರು ದಿನ ಇಡಿ, ಬಿಚ್ಚಿ ಇನ್ನೊಂದೆರಡು ವಾರ ಒಣಗಲು ಬಿಡಿ. ಎಣ್ಣೆ ಮೂಲದ ದ್ರಾವಣ ಒಣಗುವ ಮೊದಲೇ ಪಾಲಿಶ್ ಹಚ್ಚಿದರೆ ಅದು ಹಿಡಿಯುವುದಿಲ್ಲ. ಗೆದ್ದಲಿನ ಕಥೆ ಬೇರೆ: ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಆ ತುಂಡನ್ನೇ ಬದಲಿಸಬೇಕು. ಅದು ಬಡಗಿಯ ಕೆಲಸ.

ಅಲುಗಾಡುವ ಜೋಡಣೆಗೆ ಮೊಳೆ ಹೊಡೆಯಬೇಡಿ. ಮೊಳೆ ಜೋಡಣೆಯ ಮರವನ್ನು ಸೀಳುತ್ತದೆ, ಮುಂದೆ ತುಕ್ಕಿನ ಕಪ್ಪನ್ನೂ ಬಿಡುತ್ತದೆ. ಜೋಡಣೆ ಬಿಡಿಸಿ, ಹಳೆಯ ಅಂಟನ್ನು ಪೂರ್ತಿ ಕೆರೆಯಿರಿ. ಫೆವಿಕಾಲ್ ಬರಿ ಮರಕ್ಕೆ ಹಿಡಿಯುತ್ತದೆ, ಹಳೆಯ ಅಂಟಿನ ಮೇಲೆ ಹಿಡಿಯುವುದಿಲ್ಲ. ತುಂಬ ಹಳೆಯ ಸಾಮಾನಿನ ಅಂಟು ಮೂಳೆ, ಚರ್ಮ ಬೇಯಿಸಿ ಮಾಡಿದ್ದಾಗಿರುತ್ತದೆ. ಬಿಸಿನೀರಿನ ಬಟ್ಟೆ ಹತ್ತು ನಿಮಿಷ ಸುತ್ತಿದರೆ ಅದು ಮೆತ್ತಗಾಗುತ್ತದೆ. ಒಣಗಿದ ಮೇಲೆ ಎರಡೂ ಕಡೆಗೆ ಅಂಟು ಸವರಿ ಕೂಡಿಸಿ. ಕ್ಲ್ಯಾಂಪ್ ಇಲ್ಲದಿದ್ದರೆ ಹಳೆಯ ಸೈಕಲ್ ಟ್ಯೂಬನ್ನು ಎರಡಿಂಚಿನ ಪಟ್ಟಿಯಾಗಿ ಕತ್ತರಿಸಿ ಬಿಗಿಯಾಗಿ ಸುತ್ತಿ. ಸಮತಟ್ಟಾದ ನೆಲದ ಮೇಲೆ ನಾಲ್ಕು ಕಾಲೂ ಕೂತಿವೆಯೇ ಎಂದು ಅಂಟು ಹಸಿಯಿರುವಾಗಲೇ ನೋಡಿ. 24 ಗಂಟೆ ಮುಟ್ಟಬೇಡಿ.

ಈ ಕೆಲಸವನ್ನು ಹಳೆಯ ಪಾಲಿಶ್ ತೆಗೆಯುವ ಮೊದಲೇ ಮುಗಿಸುವುದು ಒಳ್ಳೆಯದು. ಹೊರಗೆ ಉಕ್ಕಿದ ಅಂಟು ಹಳೆಯ ಪಾಲಿಶ್ ಮೇಲೆ ಬಿದ್ದರೆ ಒರೆಸಿ ತೆಗೆಯಬಹುದು. ಬರಿ ಮರಕ್ಕೆ ಇಳಿದರೆ ಅಲ್ಲಿ ಮುಂದೆ ಬಣ್ಣ ಹಿಡಿಯದೆ ಬಿಳಿ ಕಲೆಯಾಗಿ ಉಳಿಯುತ್ತದೆ.

## ಹಂತ 4: ಹಳೆಯ ಪಾಲಿಶ್ ತೆಗೆಯುವುದು

ಅರಗಾದರೆ: ಒಂದು ಅಡಿ ಚದರ ಜಾಗಕ್ಕೆ ಸ್ಪಿರಿಟ್ ಧಾರಾಳವಾಗಿ ಹಚ್ಚಿ, ಎರಡು ಮೂರು ನಿಮಿಷ ಬಿಟ್ಟು, ಒರಟು ಬಟ್ಟೆಯಿಂದ ಎಳೆಯ ಉದ್ದಕ್ಕೆ ಒರೆಸಿ. ಕೆತ್ತನೆಯ ಸಂದಿಗೆ ಹಲ್ಲುಜ್ಜುವ ಬ್ರಷ್. ಬಟ್ಟೆ ಕೊಳೆಯಾದ ಕೂಡಲೇ ಬದಲಿಸಿ, ಇಲ್ಲದಿದ್ದರೆ ಒಂದು ಕಡೆ ತೆಗೆದದ್ದನ್ನು ಇನ್ನೊಂದು ಕಡೆ ಹಚ್ಚುತ್ತಿರುತ್ತೀರಿ.

ಉಳಿದವಕ್ಕೆ: ರಿಮೂವರನ್ನು ಎರಡು ಮೂರು ಮಿಲಿಮೀಟರ್ ದಪ್ಪಕ್ಕೆ ಒಂದೇ ದಿಕ್ಕಿನಲ್ಲಿ ಸುರಿದಂತೆ ಹಚ್ಚಿ. ಪೇಂಟ್ ಬಳಿದ ಹಾಗೆ ಹಿಂದೆ ಮುಂದೆ ಎಳೆಯಬೇಡಿ. ಅದರಲ್ಲಿರುವ ಮೇಣ ಮೇಲೆ ಕೆನೆಗಟ್ಟಿ ಆವಿ ಹಾರದಂತೆ ತಡೆಯುತ್ತದೆ, ನೀವು ಬ್ರಷ್ ಆಡಿಸಿದರೆ ಆ ಕೆನೆ ಒಡೆಯುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ 15ರಿಂದ 20 ನಿಮಿಷ ಬಿಡಿ. ಪೇಂಟ್ ಸುಕ್ಕುಗಟ್ಟಿ ಎದ್ದ ಮೇಲೆ ಪುಟ್ಟಿ ಬ್ಲೇಡ್‌ನಿಂದ ತಳ್ಳಿ. ಬ್ಲೇಡಿನ ಎರಡು ಮೂಲೆಗಳನ್ನು ಮೊದಲೇ ಅರದಿಂದ ಗುಂಡಗೆ ಮಾಡಿಕೊಳ್ಳಿ, ಚೂಪು ಮೂಲೆ ಮೆತ್ತಗಾದ ಮರವನ್ನು ಗೀರುತ್ತದೆ. ಏಳದಿದ್ದರೆ ಬಲ ಹಾಕಬೇಡಿ, ಎರಡನೇ ಸಲ ಹಚ್ಚಿ.

ಕೆರೆದಾದ ಮೇಲೆ ಥಿನ್ನರ್‌ನಲ್ಲಿ ಎರಡು ಸಲ ಪೂರ್ತಿ ಒರೆಸಲೇಬೇಕು. ರಿಮೂವರ್‌ನ ಮೇಣ ಮರದ ಮೇಲೆ ಉಳಿದರೆ ಹೊಸ ಪಾಲಿಶ್ ವಾರವಾದರೂ ಅಂಟುತ್ತಲೇ ಇರುತ್ತದೆ. ಒಂದು ರಾತ್ರಿ ಒಣಗಲು ಬಿಡಿ.

ಹಲವು ರಿಮೂವರ್‌ಗಳಲ್ಲಿ ಮಿಥಿಲೀನ್ ಕ್ಲೋರೈಡ್ ಇರುತ್ತದೆ. ಧೂಳಿನ ಮಾಸ್ಕ್ ಅದರ ಆವಿಯನ್ನು ತಡೆಯುವುದಿಲ್ಲ. ಮುಚ್ಚಿದ ಕೋಣೆಯಲ್ಲಿ, ಬಚ್ಚಲಲ್ಲಿ ಇದನ್ನು ಬಳಸಿದರೆ ಪ್ರಾಣಕ್ಕೇ ಅಪಾಯ. ಬಯಲಲ್ಲಿ ಮಾಡಿ, ತಲೆ ತಿರುಗಿದ ಹಾಗಾದರೆ ಕೂಡಲೇ ದೂರ ಹೋಗಿ. ಆಸ್ಪತ್ರೆಯ ತೆಳು ಕೈಗವಸು ಬೇಗ ಕರಗಿ ಹರಿಯುತ್ತದೆ.

ಕಾಸ್ಟಿಕ್ ಸೋಡಾ ನೀರು ಅಗ್ಗ, ಬೇಗ ಕೆಲಸ ಮಾಡುತ್ತದೆ ಎಂದು ಹೇಳುವವರಿದ್ದಾರೆ. ತೇಗ ಅದರಿಂದ ಕಪ್ಪಾಗುತ್ತದೆ, ಜೋಡಣೆಯ ಅಂಟು ಬಿಡುತ್ತದೆ, ಎಳೆ ಎದ್ದು ನಾರು ನಾರಾಗುತ್ತದೆ. ಕಬ್ಬಿಣದ ಗೇಟಿಗೆ ಸರಿ, ಕುರ್ಚಿಗೆ ಅಲ್ಲ.

ಬೆತ್ತದ ಹೆಣಿಗೆ ಇರುವ ಕುರ್ಚಿಯಾದರೆ ಹೆಣಿಗೆಗೆ ಪ್ಲಾಸ್ಟಿಕ್ ಕಟ್ಟಿ ಶುರು ಮಾಡಿ, ರಿಮೂವರ್ ತಾಗಿದ ಬೆತ್ತ ಹಾಳಾಗುತ್ತದೆ. ಜೋತುಬಿದ್ದ ಹೆಣಿಗೆಯ ತಳಭಾಗಕ್ಕೆ ಬಿಸಿನೀರಿನ ಬಟ್ಟೆಯನ್ನು ಅರ್ಧ ಗಂಟೆ ಹಿಡಿದು ನೆರಳಲ್ಲಿ ಒಣಗಿಸಿದರೆ, ಎಳೆ ತುಂಡಾಗದಿದ್ದ ಪಕ್ಷದಲ್ಲಿ, ಸಾಕಷ್ಟು ಬಿಗಿಯಾಗುತ್ತದೆ. ಪಾಲಿಶ್‌ಗೆ ಮೊದಲು ಇದನ್ನು ಮುಗಿಸಿಕೊಳ್ಳಿ.

## ಹಂತ 5: ಕಲೆ

ಬಿಳಿ ಉಂಗುರ ಪಾಲಿಶ್‌ನಲ್ಲಿತ್ತು, ಪಾಲಿಶ್ ಜೊತೆಗೇ ಹೋಗಿರುತ್ತದೆ. ಕಪ್ಪು ಕಲೆ ಎಂದರೆ ನೀರು ಮರಕ್ಕೇ ಇಳಿದಿದೆ, ಕಬ್ಬಿಣ ಜೊತೆಗೂಡಿ ಮರದ ಒಗರಿನೊಂದಿಗೆ ಸೇರಿ ಕಪ್ಪಾಗಿದೆ. ಎಷ್ಟು ಉಜ್ಜಿದರೂ ಅದು ಹೋಗದು, ಕುಳಿ ಬೀಳುತ್ತದೆ ಅಷ್ಟೇ.

ಅದಕ್ಕೆ ಆಕ್ಸಾಲಿಕ್ ಆಸಿಡ್ ಪುಡಿ 50 ಗ್ರಾಂ, ಒಂದು ಲೀಟರ್ ಬಿಸಿನೀರು. ಪ್ಲಾಸ್ಟಿಕ್ ಪಾತ್ರೆಯಲ್ಲಿ ಕಲಕಿ, ಕಲೆಗೆ ಮಾತ್ರವಲ್ಲ, ಆ ಇಡೀ ಹಲಗೆಗೆ ಸಮನಾಗಿ ಹಚ್ಚಿ. ಕಲೆಗಷ್ಟೇ ಹಚ್ಚಿದರೆ ಅಲ್ಲೊಂದು ಬಿಳಿ ತೇಪೆ ಉಳಿಯುತ್ತದೆ. ಒಣಗಿದ ಮೇಲೆ ನೋಡಿ, ಬೇಕಿದ್ದರೆ ಮತ್ತೆ ಹಚ್ಚಿ. ಆಮೇಲೆ ಮೂರು ಸಲ ಶುದ್ಧ ನೀರಿನಲ್ಲಿ ಒರೆಸಿ ಒಂದು ದಿನ ಪೂರ್ತಿ ಒಣಗಿಸಿ. ಇದು ವಿಷ. ತೊಳೆಯದೆ ಉಜ್ಜಿದರೆ ಪುಡಿ ಮೂಗು ಗಂಟಲಿಗೆ ಹೋಗಿ ಉರಿಯುತ್ತದೆ.

ಮಣೆ, ದೇವರ ಮಂಟಪಗಳ ಅರಿಶಿನದ ಕಲೆಗೆ ಯಾವ ರಾಸಾಯನಿಕವೂ ಬೇಡ. ಪಾಲಿಶ್ ತೆಗೆದ ಮೇಲೆ ಎರಡು ಮೂರು ದಿನ ಬಿಸಿಲಿಗಿಡಿ, ಅರಿಶಿನದ ಬಣ್ಣ ಬೆಳಕಿಗೆ ತಾನೇ ಮಾಸುತ್ತದೆ. ದೀಪದ ಎಣ್ಣೆ ಇಳಿದಿದ್ದರೆ ಚಾಕ್ ಪುಡಿಯನ್ನು ಥಿನ್ನರ್‌ನಲ್ಲಿ ಕಲಸಿ ಬೆರಳ ದಪ್ಪಕ್ಕೆ ಮೆತ್ತಿ, ಒಣಗಿದ ಮೇಲೆ ಉದುರಿಸಿ. ಎರಡು ಮೂರು ಸಲ ಮಾಡಬೇಕಾಗಬಹುದು.

## ಹಂತ 6: ಉಜ್ಜುವುದು

ನಂಬರ್‌ಗಳ ಸಾಲು: 80, 120, 180, 220. ಗೀರು, ಏರುತಗ್ಗು ಇಲ್ಲದಿದ್ದರೆ 80 ಬೇಡ, 120ರಿಂದಲೇ ಶುರು ಮಾಡಿ. ನಡುವಿನ ನಂಬರ್ ಹಾರಿಸಬೇಡಿ. 80ರ ಗೀರನ್ನು 220 ತೆಗೆಯುವುದಿಲ್ಲ, ನುಣುಪು ಮಾಡಿ ಮುಚ್ಚಿಡುತ್ತದೆ, ಪಾಲಿಶ್ ಬಿದ್ದ ಕೂಡಲೇ ಆ ಗೀರು ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ.

ಕಾಗದವನ್ನು ಮರದ ತುಂಡಿಗೆ ಸುತ್ತಿ, ಎಳೆಯ ಉದ್ದಕ್ಕೆ ಮಾತ್ರ ಆಡಿಸಿ. ಬೆರಳಿನಲ್ಲಿ ಒತ್ತಿ ಉಜ್ಜಿದರೆ ಬೆರಳಿನ ಜಾಗದಲ್ಲಿ ತಗ್ಗು ಬೀಳುತ್ತದೆ, ಮೇಜಿನ ಮೇಲೆ ಅಡ್ಡ ಬೆಳಕು ಬಿದ್ದಾಗ ಅಲೆ ಅಲೆಯಾಗಿ ಕಾಣುತ್ತದೆ. ಕಡೆದ ಕಾಲಿಗೆ ಕಾಗದವನ್ನು ಪಟ್ಟಿಯಾಗಿ ಕತ್ತರಿಸಿ, ಹಿಂಬದಿಗೆ ಟೇಪ್ ಅಂಟಿಸಿ ಸುತ್ತು ಹಾಕಿ ಎಳೆಯಿರಿ. ಕೈತಾಗುವ ಅಂಚು, ಮೂಲೆಗಳನ್ನು ಚೂಪಾಗಿ ಬಿಡಬೇಡಿ, 220ರಲ್ಲಿ ಎರಡು ಸಲ ಸವರಿ. ಚೂಪಾದ ಅಂಚಿನ ಮೇಲೆ ಯಾವ ಪಾಲಿಶೂ ನಿಲ್ಲದು. ಹಲಗೆಯ ಅಡ್ಡಕತ್ತರಿಸಿದ ತುದಿ ಪಾಲಿಶನ್ನು ಹೆಚ್ಚು ಕುಡಿದು ಕಪ್ಪಾಗುತ್ತದೆ. ಅದನ್ನು ಮಾತ್ರ 320ರವರೆಗೆ ಉಜ್ಜಿ.

ಮುಗಿಯಿತೇ ಎಂದು ತಿಳಿಯುವುದು ಹೀಗೆ: ಕಿಟಕಿ ಮುಚ್ಚಿ, ಟಾರ್ಚನ್ನು ಹಲಗೆಯ ಮಟ್ಟಕ್ಕೆ ಮಲಗಿಸಿ ಹಿಡಿಯಿರಿ. ಟರ್ಪಂಟೈನ್ ಬಟ್ಟೆಯಿಂದ ಒಮ್ಮೆ ಒರೆಸಿ ನೋಡಿ. ಅಡ್ಡ ಗೀರು, ಅಂಟಿನ ಕಲೆ, ಉಳಿದ ಹಳೆಯ ಪಾಲಿಶ್ ಎಲ್ಲವೂ ಆ ಹಸಿಯಲ್ಲಿ ಕಾಣುತ್ತವೆ. ಕಂಡರೆ ಒಂದು ನಂಬರ್ ಹಿಂದಕ್ಕೆ ಹೋಗಿ.

ಆರಂಭದಲ್ಲೇ ಗಾಬರಿ ಬೀಳಿಸುವ ವಿಷಯವೊಂದಿದೆ. ಹೊಸದಾಗಿ ಉಜ್ಜಿದ ತೇಗ ಪಟ್ಟೆ ಪಟ್ಟೆಯಾಗಿ, ಒಂದು ಕಡೆ ಹಸಿರು ಛಾಯೆ, ಒಂದು ಕಡೆ ಕಂದಾಗಿ ಕಾಣುತ್ತದೆ. ಹಲಸು ಹಳದಿಯಾಗಿ ಹೊಳೆಯುತ್ತದೆ. ಕಳ್ಳ ಮರವೆಂದು ಅನುಮಾನಿಸಬೇಡಿ, ಕಡುಬಣ್ಣ ತಂದು ಬಳಿಯಲೂ ಓಡಬೇಡಿ. ಬೆಳಕಿಗೆ ಬಿಟ್ಟರೆ ಒಂದೆರಡು ವಾರದಲ್ಲಿ ತೇಗ ಸಮವಾಗುತ್ತದೆ. ಹಲಸು ತಿಂಗಳುಗಳಲ್ಲಿ ನಿಧಾನವಾಗಿ ಕೆಂಗಂದಿಗೆ ತಿರುಗುತ್ತದೆ. ಪಾಲಿಶ್ ಹಚ್ಚಿದ ಮೇಲೂ ಈ ಬದಲಾವಣೆ ನಡೆಯುತ್ತಲೇ ಇರುತ್ತದೆ.

ಬೀಟೆಯ ಪುಡಿ ಕೆಲವರಿಗೆ ಚರ್ಮದ ತುರಿಕೆ, ಉಬ್ಬಸ ತರುತ್ತದೆ. ಮಾಸ್ಕ್ ಜೊತೆಗೆ ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ.

## ಹಂತ 7: ಮರದ ರಂಧ್ರ, ಮೊಳೆಯ ತೂತು ತುಂಬುವುದು

ಎರಡೂ ಐಚ್ಛಿಕ. ತೇಗದ ರಂಧ್ರ ದೊಡ್ಡವು. ಗಾಜಿನಂಥ ಮೈ ಬೇಕೆಂದರೆ ಮಾತ್ರ ತುಂಬಿ. ಚಾಕ್ ಪುಡಿಗೆ ಹಳದಿ ಆಕ್ಸೈಡ್ ಬಣ್ಣದ ಪುಡಿ ಮತ್ತು ಒಂದು ಚಿಟಿಕೆ ಅಂಬರ್ ಎಂಬ ಕಂದು ಪುಡಿ ಸೇರಿಸಿ, ತೆಳು ಅರಗಿನಲ್ಲಿ (ಅರಗಿನ ದ್ರಾವಣ ಮಾಡುವ ಬಗೆ 8ನೇ ಹಂತದಲ್ಲಿದೆ) ಮೊಸರಿನ ಹದಕ್ಕೆ ಕಲಸಿ. ಎಳೆಗೆ ಅಡ್ಡಲಾಗಿ ಒರೆಸಿ ತುಂಬಿ, ಗಟ್ಟಿಯಾಗುವ ಮೊದಲೇ ಮೇಲಿನದ್ದನ್ನು ಅಡ್ಡಲಾಗಿಯೇ ತೆಗೆಯಿರಿ, ಒಂದು ದಿನ ಬಿಟ್ಟು 220ರಲ್ಲಿ ಹಗುರವಾಗಿ ಉಜ್ಜಿ. ಬಣ್ಣ ಮರಕ್ಕಿಂತ ಒಂದು ಛಾಯೆ ಕಡುವಾಗಿರಲಿ. ತಿಳಿಯಾದರೆ ವರ್ಷ ಕಳೆದಂತೆ ರಂಧ್ರಗಳಲ್ಲಿ ಬಿಳಿ ಚುಕ್ಕಿ ಕಾಣುತ್ತದೆ.

ಮೊಳೆ ಕಿತ್ತ ತೂತಿಗೆ ಮರದ ಪುಡಿ ಮತ್ತು ಫೆವಿಕಾಲ್ ಕಲಸಿ ತುಂಬುವುದು ಎಲ್ಲರ ಅಭ್ಯಾಸ. ಒಣಗಿದ ಅಂಟು ಬಣ್ಣ ಕುಡಿಯುವುದಿಲ್ಲ, ಆ ತೂತು ಕಲೆಯಾಗಿಯೇ ಉಳಿಯುತ್ತದೆ. ಅದೇ ಮರದ ನಯವಾದ ಪುಡಿಯನ್ನು ಗಟ್ಟಿ ಅರಗಿನಲ್ಲಿ ಕಲಸಿ ತುಂಬಿ.

## ಹಂತ 8: ಅರಗು ಹಚ್ಚುವುದು

ದ್ರಾವಣ. ಒಂದು ಲೀಟರ್ ಸ್ಪಿರಿಟ್‌ಗೆ 240 ಗ್ರಾಂ ಚಕ್ಕೆ. ಗಾಜಿನ ಅಥವಾ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿ, ಆಗಾಗ ಅಲುಗಾಡಿಸುತ್ತ ಒಂದು ರಾತ್ರಿ ಬಿಡಿ. ಕಬ್ಬಿಣದ ಡಬ್ಬಿಯಲ್ಲಿ ಅರಗು ಕಪ್ಪಾಗುತ್ತದೆ. ಬೇಗ ಕರಗಲೆಂದು ಒಲೆಯ ಹತ್ತಿರ ತರಬೇಡಿ. ಮರುದಿನ ಬಟ್ಟೆಯಲ್ಲಿ ಸೋಸಿ. ಇದರಿಂದ ಒಂದು ಲೋಟ ತೆಗೆದು ಅಷ್ಟೇ ಸ್ಪಿರಿಟ್ ಬೆರೆಸಿ, ಅದು ಮೊದಲ ಕೋಟ್‌ಗೆ. ಕಲಸಿದ ಅರಗು ಆರು ತಿಂಗಳಿಗಿಂತ ಹೆಚ್ಚು ಇಡುವಂಥದ್ದಲ್ಲ. ಅನುಮಾನವಿದ್ದರೆ ಗಾಜಿನ ಮೇಲೆ ಒಂದು ಹನಿ ಸವರಿ. ಒಂದು ಗಂಟೆಯಾದರೂ ಬೆರಳಿಗೆ ಅಂಟಿದರೆ ಚೆಲ್ಲಿ.

ಹವೆ. ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಸ್ಪಿರಿಟ್ ಆರುವಾಗ ಮೇಲ್ಮೈ ತಂಪಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದು ಅಲ್ಲೇ ನೀರಾಗಿ ಪಾಲಿಶ್‌ನೊಳಗೆ ಸಿಕ್ಕಿಕೊಳ್ಳುತ್ತದೆ, ಬಿಳಿ ಮಬ್ಬು ಎಂದರೆ ಅದೇ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಬೇಡ, ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯದು. ಬೆಂಗಳೂರು, ಮೈಸೂರಿನಲ್ಲಿ ಮಳೆ ಬಿಟ್ಟ ದಿನ ಬೆಳಿಗ್ಗೆ 11ರಿಂದ 3ರವರೆಗೆ ಹಚ್ಚಿ. ಕಲಬುರಗಿ, ರಾಯಚೂರಿನ ಏಪ್ರಿಲ್–ಮೇ ಬಿಸಿಲಲ್ಲಿ ತೊಂದರೆ ಉಲ್ಟಾ: ಬ್ರಷ್ ಎತ್ತುವ ಮೊದಲೇ ಸ್ಪಿರಿಟ್ ಆರಿ ಗೆರೆ ಬೀಳುತ್ತದೆ. ಅಲ್ಲಿ ಬೆಳಿಗ್ಗೆ 7ರಿಂದ 9 ಸರಿ. ಎಲ್ಲೇ ಆಗಲಿ ನೇರ ಬಿಸಿಲು ಬೇಡ, ತಲೆಯ ಮೇಲೆ ಫ್ಯಾನ್ ಬೇಡ.

ಬ್ರಷ್ ಕೋಟ್. ಮರವನ್ನು ಒಣ ಬಟ್ಟೆಯಿಂದ ಒರೆಸಿ. ಮೊದಲ ಕೋಟ್‌ಗೆ ತೆಳು ದ್ರಾವಣವನ್ನು, ಆಮೇಲಿನವಕ್ಕೆ ಸೋಸಿಟ್ಟ ಗಟ್ಟಿ ದ್ರಾವಣವನ್ನು ಎಳೆಯ ಉದ್ದಕ್ಕೆ ಒಂದೇ ಎಳೆತದಲ್ಲಿ ಹಚ್ಚಿ, ಬಿಟ್ಟುಹೋದ ಜಾಗಕ್ಕೆ ಹಿಂದಿರುಗಬೇಡಿ. ಅರೆ ಆರಿದ ಅರಗನ್ನು ಮುಟ್ಟಿದರೆ ಎದ್ದುಬರುತ್ತದೆ. ಮುಂದಿನ ಕೋಟ್‌ನಲ್ಲಿ ಅದು ತಾನೇ ಸರಿಹೋಗುತ್ತದೆ. ಅರ್ಧ ಗಂಟೆಯ ಅಂತರದಲ್ಲಿ ಮೂರು ಕೋಟ್ ಹಾಕಿ ರಾತ್ರಿ ಬಿಡಿ. ಮರುದಿನ 320 ಕಾಗದದಿಂದ ಒತ್ತದೆ ಉಜ್ಜಿ. ಬಿಳಿ ಪುಡಿ ಉದುರಬೇಕು. ಕಾಗದಕ್ಕೆ ಉಂಡೆ ಉಂಡೆಯಾಗಿ ಅಂಟಿದರೆ ಇನ್ನೂ ಒಣಗಿಲ್ಲ, ಮತ್ತೊಂದು ದಿನ ಕಾಯಿರಿ.

ಬೀಟೆಗೆ ಮೊದಲ ಕೋಟ್ ಬ್ರಷ್‌ನಲ್ಲಿ ಬೇಗನೆ, ತೆಳ್ಳಗೆ. ತಿಕ್ಕಿದಷ್ಟೂ ಅದರ ಕೆನ್ನೇರಳೆ ಬಣ್ಣ ಎದ್ದು ಹರಡುತ್ತದೆ.

ಬಟ್ಟೆ ಉಂಡೆ. ನಿಂಬೆಹಣ್ಣಿನ ಗಾತ್ರದ ಹತ್ತಿಯನ್ನು ಪಂಚೆಯ ತುಂಡಿನಲ್ಲಿ ಸುತ್ತಿ, ತಳದಲ್ಲಿ ಒಂದೂ ಸುಕ್ಕಿಲ್ಲದಂತೆ ಬಿಗಿದು ತಿರುಚಿ. ಒಳಗಿನ ಹತ್ತಿಗೆ ದ್ರಾವಣ ಹಾಕಿ, ಉಂಡೆಯನ್ನು ಅದರಲ್ಲಿ ಅದ್ದಬೇಡಿ. ರಟ್ಟಿನ ಮೇಲೆ ಒತ್ತಿ ನೋಡಿ: ಒದ್ದೆ ಗುರುತು ಬಿದ್ದು ಕೆಲವೇ ಕ್ಷಣದಲ್ಲಿ ಆರಬೇಕು, ತೊಟ್ಟಿಕ್ಕಬಾರದು. ಅಂಚಿನ ಹೊರಗಿಂದಲೇ ಕೈ ಚಲಿಸುತ್ತ ಬಂದು ಹಲಗೆಯ ಮೇಲೆ ಹಾಯ್ದು ಆ ಕಡೆ ಹೊರಹೋಗಬೇಕು. ನಡುವೆ ನಿಲ್ಲಿಸಿದರೆ ಉಂಡೆ ಅಲ್ಲೇ ಕಚ್ಚಿಕೊಂಡು ಬಟ್ಟೆಯ ನೇಯ್ಗೆಯ ಅಚ್ಚು ಬೀಳುತ್ತದೆ.

ಇಡೀ ಮೇಲ್ಮೈಗೆ ಒಂದು ಸುತ್ತು, ಐದು ಹತ್ತು ನಿಮಿಷ ಬಿಡುವು, ಮತ್ತೊಂದು ಸುತ್ತು. ದಿನಕ್ಕೆ ಆರೆಂಟು ಸುತ್ತು ಸಾಕು. ಉಂಡೆ ಎಳೆಯಲು ಗಡುಸಾದರೆ ತಳಕ್ಕೆ ಒಂದು ಹನಿ ಅಗಸೆ ಎಣ್ಣೆ ಸವರಿ. ಒಂದು ಹನಿ ಎಂದರೆ ಒಂದೇ ಹನಿ. ಕೊಬ್ಬರಿ ಎಣ್ಣೆ ಎಂದೂ ಒಣಗದು, ಅದು ಬೇಡ. ಮರುದಿನ 400 ಕಾಗದ ಸವರಿ, ಮತ್ತೆ ಆರೆಂಟು ಸುತ್ತು. ಮೂರನೇ ದಿನ ಉಂಡೆಗೆ ಬರೀ ಸ್ಪಿರಿಟ್ ನಾಲ್ಕಾರು ಹನಿ ಹಾಕಿ ಬಹಳ ಹಗುರವಾಗಿ ಎಳೆಯಿರಿ, ಎಣ್ಣೆಯ ಮಂಕು ಹೋಗಿ ಹೊಳಪು ನಿಲ್ಲುತ್ತದೆ. ಒಂದು ವಾರ ಅದರ ಮೇಲೆ ಏನೂ ಇಡಬೇಡಿ. ಕೆಲಸ ಮುಗಿದ ಉಂಡೆಯನ್ನು ಮುಚ್ಚಳದ ಬಾಟಲಿಯಲ್ಲಿಟ್ಟರೆ ಮುಂದಿನ ದಿನಕ್ಕೂ ಮೆತ್ತಗಿರುತ್ತದೆ.

ಅಗಸೆ ಎಣ್ಣೆ ತಾಗಿದ ಬೇರೆ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಏರಿ ತಾನೇ ಹೊತ್ತಿಕೊಳ್ಳಬಲ್ಲದು. ಹಗ್ಗದ ಮೇಲೆ ಬಿಡಿಸಿ ಒಣಗಿಸಿ, ಅಥವಾ ನೀರಿನಲ್ಲಿ ಮುಳುಗಿಸಿಡಿ.

## ಊಟದ ಮೇಜಾದರೆ

ಅರಗಿಗೆ ಬಿಸಿ ಪಾತ್ರೆ ಆಗದು, ನೀರು ನಿಂತರೂ ಆಗದು. ಊಟದ ಮೇಜು, ಮಕ್ಕಳ ಓದುವ ಮೇಜುಗಳಿಗೆ ಬ್ರಷ್‌ನಲ್ಲಿ ಹಚ್ಚುವ ಪಿಯು ಆರಿಸಿ. ತೇಗದ ಸಹಜ ಎಣ್ಣೆ ಪಿಯು ಒಣಗುವುದನ್ನು ತಡೆಯುತ್ತದೆ, ಆದ್ದರಿಂದ ಹಚ್ಚುವ ಹತ್ತು ನಿಮಿಷ ಮೊದಲು ಥಿನ್ನರ್‌ನಲ್ಲಿ ಒರೆಸಿ. ಕೆಳಗೆ ಸಾಮಾನ್ಯ ಅರಗು ಹಚ್ಚಿದ್ದರೆ ಅದರ ಮೇಣದಿಂದ ಪಿಯು ಸಿಪ್ಪೆಯಾಗಿ ಏಳುತ್ತದೆ. ಮೇಣ ತೆಗೆದ ಅರಗು ಮಾತ್ರ ಸರಿ. ಎರಡು ಡಬ್ಬಿಯಲ್ಲಿ ಬಂದು ಬೆರೆಸಿ ಹಚ್ಚುವ ಪಿಯು ಆದರೆ ಡಬ್ಬಿಯ ಮೇಲೆ ಬರೆದ ಪ್ರಮಾಣವನ್ನು ಅಳತೆ ಲೋಟದಲ್ಲೇ ಅಳೆಯಿರಿ, ಅಂದಾಜು ಬೇಡ. ಮೇಜಿನ ಕೆಳಮುಖಕ್ಕೂ ಒಂದು ಕೋಟ್ ಹಾಕಿ, ಒಂದೇ ಮುಖಕ್ಕೆ ಹಚ್ಚಿದ ಹಲಗೆ ಮಳೆಗಾಲದಲ್ಲಿ ಬಾಗುತ್ತದೆ. ಮೆಲಮೈನ್‌ಗೆ ಸ್ಪ್ರೇ ಬೇಕು, ಅದರ ಘಾಟು ಮನೆಯಲ್ಲಿ ತಡೆಯಲಾಗದು. ಅದನ್ನು ಪಾಲಿಶ್ ಕೆಲಸದವರಿಗೆ ಬಿಡಿ.

## ಕೆಟ್ಟಾಗ

ಬಿಳಿ ಮಬ್ಬು: ಒಣಹವೆಯ ದಿನ ಕಾಯ್ದು, ಉಂಡೆಗೆ ಬರೀ ಸ್ಪಿರಿಟ್ ಹಾಕಿ ಹಗುರವಾಗಿ ಹಾಯಿಸಿ. ಪಾಲಿಶ್ ಕ್ಷಣಕಾಲ ಕರಗಿ ತೇವ ಬಿಟ್ಟುಹೋಗುತ್ತದೆ. ಮೇಲೆ ಇನ್ನೊಂದು ಕೋಟ್ ಹಾಕಿ ಮುಚ್ಚಿದರೆ ಮಬ್ಬು ಒಳಗೇ ಉಳಿಯುತ್ತದೆ.

ಎರಡು ದಿನವಾದರೂ ಅಂಟುವುದು: ಹಳೆಯ ಅರಗು, ರಿಮೂವರ್‌ನ ಮೇಣ, ಅಥವಾ ಎಣ್ಣೆ ಹೆಚ್ಚಾಗಿದ್ದು. ಕಾದು ಪ್ರಯೋಜನವಿಲ್ಲ, ಸ್ಪಿರಿಟ್‌ನಲ್ಲಿ ತೆಗೆದು, ಥಿನ್ನರ್‌ನಲ್ಲಿ ಒರೆಸಿ, ಹೊಸ ದ್ರಾವಣ ಹಚ್ಚಿ.

ಗುಂಡು ಕುಳಿ: ಜಿಡ್ಡು ಅಥವಾ ಸಿಲಿಕೋನ್. 2ನೇ ಹಂತಕ್ಕೆ ಹಿಂದಿರುಗಬೇಕು. ಮೇಲೆ ಎಷ್ಟು ಕೋಟ್ ಹಾಕಿದರೂ ಅದೇ ಜಾಗದಲ್ಲಿ ಕುಳಿ ಬೀಳುತ್ತದೆ.

ಇಳಿಜಾರಿನಲ್ಲಿ ಸೋರಿದ ಗುರುತು: ಒಂದೆರಡು ದಿನ ಗಟ್ಟಿಯಾಗಲು ಬಿಟ್ಟು ಬ್ಲೇಡಿನಿಂದ ಸಮಮಾಡಿ, 400 ಹಾಯಿಸಿ. ಹಸಿಯಲ್ಲಿ ಬೆರಳು ಹಾಕಿದರೆ ದೊಡ್ಡದಾಗುತ್ತದೆ.

ಹೊಳಪು ಒಂದು ಕಡೆ, ಮಂಕು ಇನ್ನೊಂದು ಕಡೆ: ಮಂಕಾದ ಕಡೆ ಮರ ಇನ್ನೂ ಕುಡಿಯುತ್ತಿದೆ. ಅಲ್ಲಿಗೆ ಮಾತ್ರ ಎರಡು ಸುತ್ತು ಹೆಚ್ಚು ಕೊಟ್ಟು, ಆಮೇಲೆ ಇಡೀ ಹಲಗೆಗೆ ಒಂದು ಸುತ್ತು.

ಪಾಲಿಶ್ ಆದ ಸಾಮಾನಿಗೆ ಒಣ ಹತ್ತಿ ಬಟ್ಟೆ ಸಾಕು. ಒದ್ದೆ ಬಟ್ಟೆ, ಎಣ್ಣೆ, ಪರಿಮಳದ ಸ್ಪ್ರೇ ಬೇಡ. ಆರು ತಿಂಗಳಿಗೊಮ್ಮೆ ಜೇನುಮೇಣವನ್ನು ಟರ್ಪಂಟೈನ್‌ನಲ್ಲಿ ನೆನೆಹಾಕಿ ಬೆಣ್ಣೆಯ ಹದಕ್ಕೆ ತಂದು ತೆಳ್ಳಗೆ ಸವರಿ, ಹತ್ತು ನಿಮಿಷ ಬಿಟ್ಟು ಉಜ್ಜಿ. ಮಳೆಗಾಲದಲ್ಲಿ ಗೋಡೆಯಿಂದ ಮೂರು ಬೆರಳು ಈಚೆ ಇಡಿ. ಬೂಷ್ಟು ಬಿಳಿಯಾಗಿ ಹಿಡಿದರೆ ಒಣ ಬಟ್ಟೆಯಲ್ಲಿ ಒರೆಸಿ ಗಾಳಿಗಿಡಿ. ಅದಕ್ಕೆ ಸ್ಪಿರಿಟ್ ಮಾತ್ರ ಹಾಕಬೇಡಿ, ಬೂಷ್ಟಿನ ಜೊತೆ ಪಾಲಿಶೂ ಬಟ್ಟೆಗೆ ಬರುತ್ತದೆ.